ರಕ್ತದ ಸಕ್ಕರೆ ಮತ್ತು ರಕ್ತನಾಳದ ಗೋಡೆ



ಸುಮಾರು 45 ವರ್ಷ ವಯಸ್ಸಿನ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿರಿ. ಎಂಟು ವರ್ಷಗಳ ಹಿಂದೆ ಆತನ ರಕ್ತದಲ್ಲಿ ಸಕ್ಕರೆಯ ಅಂಶವು ಹೆಚ್ಚಾಗಿದೆಯೆಂದು ವೈದ್ಯರು ತಿಳಿಸಿದ್ದರು. ಕೆಲವು ತಿಂಗಳು ಮಾತ್ರೆಗಳನ್ನು ನುಂಗಿದನು. ನೋವಿರಲಿಲ್ಲ, ಜ್ವರವಿರಲಿಲ್ಲ, ಹೊಲದ ಕೆಲಸಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದುದರಿಂದ ಮಾತ್ರೆಗಳು ನಿಂತುಹೋದವು. ಒಂದು ದಿನ ಆತನ ಅಂಗಾಲಿಗೆ ಜಾಲಿಯ ಮುಳ್ಳು ಚುಚ್ಚಿತು. ಚುಚ್ಚಿದುದೇ ಆತನಿಗೆ ತಿಳಿಯಲಿಲ್ಲ. ಮೂರು ದಿನಗಳ ನಂತರ ಗಾಯವು ಪತ್ನಿಯ ಕಣ್ಣಿಗೆ ಬಿದ್ದಿತು. ಅರಿಶಿನ ಹಚ್ಚಿದರು, ಬಟ್ಟೆ ಕಟ್ಟಿದರು. ಗಾಯವು ಮಾಯಲಿಲ್ಲ. ಆಸ್ಪತ್ರೆಗೆ ಬಂದಾಗ ಒಂದು ಬೆರಳು ಕಪ್ಪಾಗಿತ್ತು.

ಇಂತಹ ರೋಗಿಗಳನ್ನು ನಮ್ಮ ಆಸ್ಪತ್ರೆಗಳ ವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ. ಅವರ ಮನೆಯವರು ಕೇಳುವ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: “ಸಕ್ಕರೆ ಇರುವುದು ರಕ್ತದಲ್ಲಿ, ಕೊಳೆತದ್ದು ಕಾಲು. ಇವೆರಡಕ್ಕೂ ಏನು ಸಂಬಂಧ?”

ಈ ಪ್ರಶ್ನೆಗೆ ಉತ್ತರವು ರಕ್ತನಾಳದ ಗೋಡೆಯಲ್ಲಿದೆ. ಯಾವ ನೋವೂ ಇಲ್ಲದ ವರ್ಷಗಳಲ್ಲಿ ಆ ಗೋಡೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಅರಿತವರು ಮಾತ್ರೆಯನ್ನು ಸುಲಭವಾಗಿ ನಿಲ್ಲಿಸಲಾರರು. ಆದುದರಿಂದ ಈ ಪಾಠವನ್ನು ಪತಿ ಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇವೆ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿರಿ.

1. ರಕ್ತದಲ್ಲಿ ಸಕ್ಕರೆ ಏಕೆ ಇರುತ್ತದೆ?

ಸಕ್ಕರೆಯು ಸ್ವತಃ ಶತ್ರುವಲ್ಲ. ನಾವು ಉಣ್ಣುವ ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ ಇವುಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಉಳುವುದಕ್ಕೂ, ಕಳೆ ಕೀಳುವುದಕ್ಕೂ, ನೀರು ಸೇದುವುದಕ್ಕೂ ಬೇಕಾದ ಶಕ್ತಿಯು ಬಹುಮಟ್ಟಿಗೆ ಇದರಿಂದಲೇ ದೊರೆಯುತ್ತದೆ.

ರಕ್ತದಲ್ಲಿರುವ ಈ ಸಕ್ಕರೆಯು ಸ್ನಾಯುಗಳ ಒಳಗೆ ಸರಿಯಾಗಿ ಪ್ರವೇಶಿಸಬೇಕಾದರೆ ಇನ್ಸುಲಿನ್ ಎಂಬ ರಸವು ಅವಶ್ಯಕ. ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇದನ್ನು ಉತ್ಪಾದಿಸುತ್ತದೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಈ ರಸವನ್ನು ಬೇರ್ಪಡಿಸಿದ ನಂತರ ಮಧುಮೇಹದ ಚಿಕಿತ್ಸೆಗೆ ಹೊಸ ದಾರಿ ತೆರೆಯಿತು. ಇನ್ಸುಲಿನ್ ಸಾಲದಾದಾಗ, ಅಥವಾ ಇದ್ದರೂ ಅದರ ಮಾತನ್ನು ಶರೀರವು ಸರಿಯಾಗಿ ಕೇಳದಾದಾಗ, ಸಕ್ಕರೆಯು ರಕ್ತದಲ್ಲಿಯೇ ಉಳಿದು ಏರುತ್ತದೆ. ಈ ಸ್ಥಿತಿಯೇ ಮಧುಮೇಹ. ಜನರು ಸಕ್ಕರೆ ಕಾಯಿಲೆ ಎನ್ನುವುದೂ ಇದನ್ನೇ.

ರಾತ್ರಿ ಊಟದ ನಂತರ ಏನನ್ನೂ ತಿನ್ನದೆ ಬೆಳಿಗ್ಗೆ ಪರೀಕ್ಷಿಸಿದಾಗ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು 100 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸಿ, ಪುನಃ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಇವೆರಡರ ನಡುವಿನದು ಎಚ್ಚರಿಕೆಯ ಅವಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇದು ಪಟ್ಟಣದ ಶ್ರೀಮಂತರಿಗೆ ಮಾತ್ರ ಬರುವ ರೋಗವೆಂಬ ಭಾವನೆಯು ಈಗ ಸರಿಯಲ್ಲ.

2. ಸಕ್ಕರೆಯು ಪ್ರೋಟೀನಿಗೆ ಅಂಟುವ ಬಗೆ

ನಮ್ಮ ಶರೀರದ ಕಟ್ಟಡಕ್ಕೆ ಇಟ್ಟಿಗೆಯಂತಿರುವ ವಸ್ತುವು ಪ್ರೋಟೀನು, ಅಂದರೆ ಸಸಾರಜನಕ. ಸ್ನಾಯು, ಚರ್ಮ, ರಕ್ತಕಣ, ರಕ್ತನಾಳದ ಗೋಡೆ ಇವೆಲ್ಲವೂ ಪ್ರೋಟೀನುಗಳಿಂದ ರಚಿತವಾಗಿವೆ. ಸಕ್ಕರೆಯು ಪ್ರೋಟೀನಿನ ಸಂಪರ್ಕದಲ್ಲಿ ಬಹುಕಾಲ ಇದ್ದರೆ ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕೆ ಬೇರೆ ಯಾವ ಪ್ರೇರಣೆಯೂ ಬೇಕಿಲ್ಲ.

ಇದರ ಒಂದು ರೂಪವನ್ನು ನೀವು ಪ್ರತಿದಿನ ಅಡಿಗೆಮನೆಯಲ್ಲಿ ನೋಡುತ್ತೀರಿ. ಕಾವಲಿಯ ಮೇಲೆ ಹೊಯ್ದ ಬಿಳಿಯ ದೋಸೆಯ ಹಿಟ್ಟು ಕೆಲವು ನಿಮಿಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಶಾಖದಲ್ಲಿ ಕೂಡಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಫ್ರಾನ್ಸ್ ದೇಶದ ಮೆಲಾರ್ ಎಂಬ ವಿಜ್ಞಾನಿಯು 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದನು. ಕಾವಲಿಯ ಮೇಲೆ ನಿಮಿಷಗಳಲ್ಲಿ ಆಗುವ ಇದೇ ಬಗೆಯ ಬದಲಾವಣೆಯು ಶರೀರದ ಸಾಧಾರಣ ಶಾಖದಲ್ಲಿ ವಾರಗಳು, ತಿಂಗಳುಗಳು, ವರ್ಷಗಳ ಕಾಲ ಮೆಲ್ಲನೆ ನಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಇದರ ವೇಗವೂ ಹೆಚ್ಚುತ್ತದೆ.

ಈ ಅಂಟಿಕೆಯು ಮೊದಲ ಹಂತದಲ್ಲಿ ಸಡಿಲವಾಗಿರುತ್ತದೆ. ಸಕ್ಕರೆಯು ಇಳಿದರೆ ಬಿಟ್ಟುಹೋಗಬಲ್ಲದು. ಆದರೆ ಬಹುಕಾಲ ಹಾಗೆಯೇ ಉಳಿದರೆ ಅದು ಗಟ್ಟಿಯಾಗಿ, ಪ್ರೋಟೀನಿನ ಸ್ವರೂಪವೇ ಕೆಟ್ಟುಹೋಗುತ್ತದೆ. ಕಂದಿದ ದೋಸೆಯು ಮರಳಿ ಬಿಳಿಯ ಹಿಟ್ಟಾಗದಿರುವಂತೆ, ಹೀಗೆ ಕೆಟ್ಟ ಪ್ರೋಟೀನು ಮತ್ತೆ ಮೊದಲಿನಂತಾಗುವುದಿಲ್ಲ. ಇವುಗಳನ್ನು ಈ ಪಾಠದಲ್ಲಿ ‘ಸಕ್ಕರೆಯಿಂದ ಕೆಟ್ಟ ಪ್ರೋಟೀನು’ ಎಂದು ಕರೆಯೋಣ.

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೂ ಸಕ್ಕರೆಯು ಅಂಟುತ್ತದೆ. ಮಧುಮೇಹಿಗಳ ರಕ್ತದಲ್ಲಿ ಇಂತಹ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ಇರಾನ್ ದೇಶದ ಸ್ಯಾಮುಯೆಲ್ ರಹಬರ್ ಎಂಬ ವಿಜ್ಞಾನಿಯು 1968ರಲ್ಲಿ ವರದಿ ಮಾಡಿದನು. ಕೆಂಪು ರಕ್ತಕಣದ ಆಯುಷ್ಯವು ಸುಮಾರು 120 ದಿನಗಳು. ಆದುದರಿಂದ ಎಷ್ಟು ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕವು ದೊರೆಯುತ್ತದೆ. ವೈದ್ಯರು ಬರೆದುಕೊಡುವ ‘ಎಚ್‌ಬಿಎ1ಸಿ’ ಎಂಬ ಪರೀಕ್ಷೆಯು ಇದೇ ಆಗಿದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಇದನ್ನು ಮರೆಮಾಚಲಾಗದು.

ರಕ್ತಕಣವು ನಾಲ್ಕು ತಿಂಗಳಲ್ಲಿ ಸತ್ತು ಹೊಸದು ಹುಟ್ಟುತ್ತದೆ. ಆದರೆ ರಕ್ತನಾಳದ ಗೋಡೆಗೆ ಬಲವನ್ನು ಕೊಡುವ ಕೊಲಾಜನ್ ಎಂಬ ನಾರಿನಂತಹ ಪ್ರೋಟೀನು ವರ್ಷಗಟ್ಟಲೆ ಬಾಳುವಂತಹುದು. ಅದರ ಮೇಲೆ ಬಿದ್ದ ಸಕ್ಕರೆಯ ಗುರುತೂ ವರ್ಷಗಟ್ಟಲೆ ಉಳಿಯುತ್ತದೆ. ಅಂಟಿದ ಸಕ್ಕರೆಯು ಒಂದು ನಾರನ್ನು ಮತ್ತೊಂದಕ್ಕೆ ಬಂಧಿಸುವುದರಿಂದ, ರಬ್ಬರಿನಂತೆ ಹಿಗ್ಗಿ ಕುಗ್ಗಬೇಕಾದ ನಾಳವು ಬಿರುಸಾಗುತ್ತದೆ. ಇದು ಹಾನಿಯ ಒಂದು ಭಾಗ ಮಾತ್ರ. ಇದಕ್ಕಿಂತ ಗಂಭೀರವಾದ ಭಾಗವು ಮುಂದಿದೆ.

3. ಜೀವಕೋಶದ ಮೇಲಿನ ಗ್ರಾಹಕ

ನಮ್ಮ ರಕ್ತನಾಳಗಳ ಒಳಮೈಗೆ ಜೀವಕೋಶಗಳ ಒಂದು ತೆಳುವಾದ ಪದರವಿದೆ. ಸಾರಿಸಿದ ನೆಲದಂತೆ ನುಣುಪಾಗಿರುವ ಈ ಒಳಪದರದ ಮೇಲೆ ರಕ್ತವು ಎಲ್ಲಿಯೂ ಅಂಟದೆ ಹರಿಯುತ್ತದೆ. ಈ ಜೀವಕೋಶಗಳು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದರೆ ಇವುಗಳ ಒಳಗೂ ಏರುತ್ತದೆ. ಮಧುಮೇಹದ ಪೆಟ್ಟು ಮೊದಲು ಇವಕ್ಕೆ ತಗಲಲು ಇದೂ ಒಂದು ಕಾರಣ.

ಪ್ರತಿಯೊಂದು ಜೀವಕೋಶದ ಹೊರಮೈಯಲ್ಲಿ ಸುದ್ದಿಯನ್ನು ಸ್ವೀಕರಿಸುವ ಸೂಕ್ಷ್ಮವಾದ ರಚನೆಗಳಿರುತ್ತವೆ. ಇವಕ್ಕೆ ಗ್ರಾಹಕಗಳೆಂದು ಹೆಸರು. ಬೀಗಕ್ಕೆ ತಕ್ಕ ಬೀಗದಕೈ ಮಾತ್ರ ಹೊಂದುವಂತೆ, ಆಯಾ ಗ್ರಾಹಕಕ್ಕೆ ಆಯಾ ವಸ್ತುಗಳು ಮಾತ್ರ ಹೊಂದುತ್ತವೆ. ಹೊಂದಿದೊಡನೆ ಜೀವಕೋಶದ ಒಳಗೆ ಒಂದು ಕೆಲಸ ಆರಂಭವಾಗುತ್ತದೆ. ಇನ್ಸುಲಿನ್ನಿಗೂ ಇಂತಹ ಗ್ರಾಹಕವಿದೆ.

ಸಕ್ಕರೆಯಿಂದ ಕೆಟ್ಟ ಪ್ರೋಟೀನುಗಳನ್ನು ಹಿಡಿಯುವ ಒಂದು ಗ್ರಾಹಕವನ್ನು 1992ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಆನ್ ಮೇರಿ ಶ್ಮಿಟ್, ಡೇವಿಡ್ ಸ್ಟರ್ನ್ ಮತ್ತು ಅವರ ಸಹೋದ್ಯೋಗಿಗಳು ದನದ ಶ್ವಾಸಕೋಶದಿಂದ ಬೇರ್ಪಡಿಸಿ ತೋರಿಸಿದರು. ಅದಕ್ಕೆ ‘ರೇಜ್’ ಎಂಬ ಹೆಸರಾಯಿತು. ಉದ್ದವಾದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಪದವಿದು. ಆ ಭಾಷೆಯಲ್ಲಿ ಇದಕ್ಕೆ ಕಡುಕೋಪವೆಂಬ ಅರ್ಥವೂ ಇದೆ. ಹೆಸರು ಕೆಲಸಕ್ಕೆ ತಕ್ಕುದಾಗಿಯೇ ಇದೆ ಎಂಬುದನ್ನು ಮುಂದೆ ನೋಡುವಿರಿ.

ರಕ್ತನಾಳದ ಒಳಪದರದ ಜೀವಕೋಶಗಳು, ಗೋಡೆಯಲ್ಲಿರುವ ಸ್ನಾಯುವಿನ ಜೀವಕೋಶಗಳು, ರೋಗಾಣುಗಳೊಡನೆ ಹೋರಾಡುವ ಕೆಲವು ಬಿಳಿಯ ರಕ್ತಕಣಗಳು ಇವುಗಳ ಮೇಲೆ ಈ ಗ್ರಾಹಕವಿದೆ. ಆರೋಗ್ಯವಂತರ ರಕ್ತನಾಳಗಳಲ್ಲಿ ಇದರ ಸಂಖ್ಯೆಯು ಕಡಿಮೆ. ಸಕ್ಕರೆಯಿಂದ ಕೆಟ್ಟ ಪ್ರೋಟೀನುಗಳಿಗಾಗಿ ಮಾತ್ರ ಇದು ಇರುವುದಿಲ್ಲ. ಗಾಯವಾದಾಗ, ಜೀವಕೋಶಗಳು ಸತ್ತಾಗ ಹೊರಬೀಳುವ ಕೆಲವು ವಸ್ತುಗಳನ್ನೂ ಇದು ಹಿಡಿಯುತ್ತದೆ. ಅಪಾಯದ ಸುದ್ದಿಯನ್ನು ಜೀವಕೋಶಕ್ಕೆ ಮುಟ್ಟಿಸುವುದು ಇದರ ಕೆಲಸಗಳಲ್ಲಿ ಒಂದು.

4. ಗೋಡೆಯೊಳಗೆ ನಡೆಯುವುದೇನು?

ಹೊಲದ ಅಟ್ಟಣೆಯ ಮೇಲೆ ಕುಳಿತ ಕಾವಲುಗಾರನು ಹಂದಿ ಬಂದಾಗ ಕೂಗು ಹಾಕುತ್ತಾನೆ. ನಾಲ್ಕು ಮಂದಿ ಪಂಜು ಹಿಡಿದು ಓಡಿ ಬಂದು ಹಂದಿಯನ್ನು ಅಟ್ಟಿ ಮನೆಗೆ ಮರಳುತ್ತಾರೆ. ಬೆಳೆಯು ಉಳಿಯುತ್ತದೆ. ಆದರೆ ಕಾವಲುಗಾರನು ಹಗಲಿರುಳೂ ಕೂಗುತ್ತಲೇ ಇದ್ದರೆ? ಜನರು ಬರುತ್ತಲೇ ಇರುತ್ತಾರೆ. ಹಂದಿಯು ತುಳಿಯದ ಬೆಳೆಯನ್ನು ಅವರೇ ತುಳಿದು ಹಾಳುಮಾಡುತ್ತಾರೆ. ಮಧುಮೇಹವು ಹತೋಟಿಯಲ್ಲಿಲ್ಲದಾಗ ರಕ್ತನಾಳದ ಗೋಡೆಯಲ್ಲಿ ನಡೆಯುವುದು ಇಂತಹುದೇ.

ಕೆಟ್ಟ ಪ್ರೋಟೀನು ಗ್ರಾಹಕಕ್ಕೆ ತಗಲಿದೊಡನೆ ಅಪಾಯದ ಸುದ್ದಿಯು ಜೀವಕೋಶದ ಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿಂದ ಹೊರಡುವ ಆಜ್ಞೆಗಳ ಪರಿಣಾಮಗಳನ್ನು ಕ್ರಮವಾಗಿ ಹೀಗೆ ಹೇಳಬಹುದು:

(ಅ) ನುಣುಪಾಗಿದ್ದ ಒಳಪದರದ ಮೇಲೆ ಅಂಟುಗುಣವುಳ್ಳ ವಸ್ತುಗಳು ಮೂಡುತ್ತವೆ. ಹರಿದುಹೋಗಬೇಕಾದ ಬಿಳಿಯ ರಕ್ತಕಣಗಳು ಅಲ್ಲಿಯೇ ಅಂಟಿ, ಪದರದ ಸಂದಿಯಲ್ಲಿ ನುಸುಳಿ ಗೋಡೆಯೊಳಗೆ ಸೇರುತ್ತವೆ.

(ಆ) ಪದರದ ಜೋಡಣೆಯು ಸಡಿಲವಾಗಿ, ರಕ್ತದಲ್ಲಿರುವ ಕೊಬ್ಬಿನ ಕಣಗಳು ಗೋಡೆಯೊಳಗೆ ಇಳಿಯುತ್ತವೆ. ಒಳಗೆ ಬಂದ ಬಿಳಿಯ ರಕ್ತಕಣಗಳು ಈ ಕೊಬ್ಬನ್ನು ನುಂಗಿ ಉಬ್ಬಿ ಅಲ್ಲಿಯೇ ಸಾಯುತ್ತವೆ. ವರ್ಷಗಳ ನಂತರ ಅದು ಒಂದು ಗಡ್ಡೆಯಂತಾಗಿ ನಾಳದ ದಾರಿಯನ್ನು ಕಿರಿದುಗೊಳಿಸುತ್ತದೆ.

(ಇ) ನಾಳವನ್ನು ಸಡಿಲಿಸಿ ಅಗಲಿಸುವ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವು ಕಡಿಮೆಯಾಗುತ್ತದೆ. ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿಯು ಹೆಚ್ಚುತ್ತದೆ.

(ಈ) ಇದೇ ಆಜ್ಞೆಯ ಫಲವಾಗಿ ಜೀವಕೋಶವು ಇನ್ನೂ ಹೆಚ್ಚು ರೇಜ್ ಗ್ರಾಹಕಗಳನ್ನು ತಯಾರಿಸುತ್ತದೆ. ಕೂಗುವ ಕಾವಲುಗಾರರ ಸಂಖ್ಯೆಯೇ ಹೆಚ್ಚಿದಂತಾಗುತ್ತದೆ. ಕೂಗಿಗೆ ಓಡಿಬಂದ ಬಿಳಿಯ ರಕ್ತಕಣಗಳು ಬಿಡುವ ಕೆಲವು ವಸ್ತುಗಳೂ ಇದೇ ಗ್ರಾಹಕಕ್ಕೆ ತಗಲಿ ಕೂಗನ್ನು ಮತ್ತಷ್ಟು ಏರಿಸುತ್ತವೆ.

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಿರಿ. ಸಾಮಾನ್ಯವಾಗಿ ಶರೀರದ ಯಾವುದೇ ಆಜ್ಞೆಗೆ ಒಂದು ಮುಕ್ತಾಯವಿರುತ್ತದೆ. ಇಲ್ಲಿ ಮಾತ್ರ ಒಂದು ಹಾನಿಯು ಮತ್ತೊಂದಕ್ಕೆ ದಾರಿಮಾಡಿ, ಬೆಂಕಿಯು ತನ್ನ ಸೌದೆಯನ್ನು ತಾನೇ ತಂದುಕೊಳ್ಳುವಂತಾಗುತ್ತದೆ.

ಈ ಗ್ರಾಹಕವೇ ಕಾರಣವೆಂದು ತಿಳಿದುದು ಹೇಗೆ? 1998ರಲ್ಲಿ ಕೊಲಂಬಿಯಾದ ಅದೇ ತಂಡವು ರಕ್ತನಾಳದ ರೋಗಕ್ಕೆ ಸುಲಭವಾಗಿ ತುತ್ತಾಗುವ ಇಲಿಗಳಲ್ಲಿ ಮಧುಮೇಹವನ್ನು ಉಂಟುಮಾಡಿ ಪ್ರಯೋಗ ನಡೆಸಿತು. ಕೆಲವು ಇಲಿಗಳಿಗೆ ರೇಜ್ ಗ್ರಾಹಕದ ಬಿಡಿ ತುಣುಕನ್ನು ಚುಚ್ಚುಮದ್ದಾಗಿ ಕೊಡಲಾಯಿತು. ಕೆಟ್ಟ ಪ್ರೋಟೀನುಗಳು ಜೀವಕೋಶವನ್ನು ಮುಟ್ಟುವ ಮೊದಲೇ ಈ ತುಣುಕುಗಳು ಅವನ್ನು ಹಿಡಿದುಕೊಂಡವು. ಆ ಇಲಿಗಳ ರಕ್ತದ ಸಕ್ಕರೆಯೂ ಕೊಬ್ಬೂ ಇಳಿಯಲಿಲ್ಲ; ಆದರೂ ರಕ್ತನಾಳದ ಗಡ್ಡೆಗಳು ಬೆಳೆಯುವುದು ಬಹಳ ಕಡಿಮೆಯಾಯಿತು. ಹೀಗೆ ಸಕ್ಕರೆಯ ಹಾನಿಯಲ್ಲಿ ಗ್ರಾಹಕದ ಪಾತ್ರವು ಸ್ಪಷ್ಟವಾಯಿತು.

ಹಾಗೆಂದು ಎಲ್ಲ ತಪ್ಪನ್ನೂ ಇದೊಂದರ ಮೇಲೆಯೇ ಹೊರಿಸಬಾರದು. ಅಧಿಕ ರಕ್ತದ ಒತ್ತಡ, ರಕ್ತದ ಕೊಬ್ಬು, ತಂಬಾಕು, ವಂಶದ ಗುಣ ಇವೂ ರಕ್ತನಾಳದ ರೋಗಕ್ಕೆ ಕಾರಣಗಳು. ಆದರೆ ಮಧುಮೇಹಿಗಳಲ್ಲಿ ಈ ರೋಗವು ಬೇಗ ಬರುವುದಕ್ಕೂ ಬಿರುಸಾಗಿ ಬೆಳೆಯುವುದಕ್ಕೂ ಈ ಗ್ರಾಹಕದ ಕೂಗು ಒಂದು ಮುಖ್ಯ ಕಾರಣವಾಗಿದೆ.

5. ಯಾವ ಅಂಗಕ್ಕೆ ಯಾವ ಹಾನಿ?

ರಕ್ತನಾಳವಿಲ್ಲದ ಅಂಗಗಳು ಬಹಳ ವಿರಳ. ಆದುದರಿಂದ ಹಾನಿಯೂ ಹಲವು ಕಡೆ ಕಾಣಿಸಿಕೊಳ್ಳುತ್ತದೆ. ಹೃದಯದ ನಾಳವು ಮುಚ್ಚಿದರೆ ಹೃದಯಾಘಾತ, ಮೆದುಳಿನ ನಾಳವು ಮುಚ್ಚಿದರೆ ಲಕ್ವ ಸಂಭವಿಸುತ್ತದೆ. ಕಣ್ಣಿನ ಅಕ್ಷಿಪಟದ ಕೂದಲೆಳೆಗಿಂತ ಸಣ್ಣ ನಾಳಗಳು ಸೋರಿ ದೃಷ್ಟಿಯು ಮಂದವಾಗುತ್ತದೆ. ಮೂತ್ರಪಿಂಡದ ಸೋಸುವ ನಾಳಗಳು ಕೆಟ್ಟು, ಶರೀರದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಹೊರಟುಹೋಗುತ್ತದೆ.

ಈಗ ಮೊದಲು ಹೇಳಿದ ರೈತನ ಕಾಲನ್ನು ನೆನೆಯಿರಿ. ನರಗಳಿಗೆ ಆಹಾರವನ್ನು ಒಯ್ಯುವ ಸಣ್ಣ ನಾಳಗಳೂ, ಸಕ್ಕರೆಯ ಪೆಟ್ಟಿನಿಂದ ನರಗಳೂ ಕೆಟ್ಟುದರಿಂದ ಮುಳ್ಳು ಚುಚ್ಚಿದುದು ಆತನಿಗೆ ತಿಳಿಯಲಿಲ್ಲ. ದೊಡ್ಡ ನಾಳಗಳು ಕಿರಿದಾದುದರಿಂದ ಗಾಯವನ್ನು ಮಾಯಿಸುವ ರಕ್ತವು ಸಾಕಷ್ಟು ತಲುಪಲಿಲ್ಲ. ಬೆರಳಿನ ಹಾನಿಯು ಮುಳ್ಳು ಚುಚ್ಚಿದ ದಿನ ಆರಂಭವಾದುದಲ್ಲ; ಮಾತ್ರೆ ನಿಂತ ದಿನದಿಂದಲೇ ಮೆಲ್ಲಮೆಲ್ಲನೆ ಬೆಳೆಯುತ್ತ ಬಂದಿತ್ತು. “ನೋವಿಲ್ಲ, ಆದುದರಿಂದ ರೋಗವೂ ಇಲ್ಲ” ಎಂಬ ಲೆಕ್ಕವು ಈ ರೋಗದಲ್ಲಿ ನಡೆಯದು.

6. ಮೊದಲ ವರ್ಷಗಳ ಬೆಲೆ

ಇಂಗ್ಲೆಂಡ್ ಮೊದಲಾದ ಬ್ರಿಟನ್ನಿನ ಭಾಗಗಳಲ್ಲಿ, ಹೊಸದಾಗಿ ಮಧುಮೇಹವು ಪತ್ತೆಯಾದ 5,102 ಜನರನ್ನು 1977ರಿಂದ ಆರಂಭಿಸಿ ಒಂದು ದೊಡ್ಡ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಅದರ ಫಲಿತಾಂಶವು 1998ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ ಮುಂತಾದ ಸಣ್ಣ ನಾಳಗಳ ತೊಂದರೆಗಳು ಶೇಕಡ 25ರಷ್ಟು ಕಡಿಮೆಯಾಗಿದ್ದವು. ರಕ್ತದ ಒತ್ತಡವನ್ನೂ ಬಿಗಿಯಾಗಿ ಹತೋಟಿಗೆ ತಂದವರಲ್ಲಿ ಲಕ್ವವು ಶೇಕಡ 44ರಷ್ಟು ಇಳಿದಿತ್ತು.

ಅಧ್ಯಯನವು ಮುಗಿದ ಮೇಲೆ ಎರಡು ಗುಂಪುಗಳ ಸಕ್ಕರೆಯ ಮಟ್ಟವೂ ಒಂದು ವರ್ಷದೊಳಗೆ ಸಮನಾಯಿತು. ಆದರೂ ಹತ್ತು ವರ್ಷಗಳ ನಂತರ, 2008ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೊದಲು ಬಿಗಿಯಾಗಿ ನಡೆದುಕೊಂಡವರಿಗೆ ಅದರ ಪ್ರಯೋಜನವು ಮುಂದುವರಿದಿತ್ತು; ಹೃದಯಾಘಾತವೂ ಅವರಲ್ಲಿ ಕಡಿಮೆಯಾಗಿತ್ತು. ಶರೀರವು ಹಿಂದಿನ ಸಕ್ಕರೆಯನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಇದರಿಂದ ತಿಳಿಯಬಹುದು. ಗೋಡೆಯ ನಾರುಗಳಲ್ಲಿ ವರ್ಷಗಟ್ಟಲೆ ಉಳಿಯುವ ಕೆಟ್ಟ ಪ್ರೋಟೀನುಗಳೂ ಅವು ಎಬ್ಬಿಸುವ ಗ್ರಾಹಕದ ಕೂಗೂ ಈ ನೆನಪಿಗೆ ಒಂದು ವಿವರಣೆಯೆಂದು ವಿಜ್ಞಾನಿಗಳು ಹೇಳುತ್ತಾರೆ.

ಇದರ ಅರ್ಥ ಸರಳವಾಗಿದೆ. ರೋಗವು ಪತ್ತೆಯಾದ ಮೊದಲ ವರ್ಷಗಳಲ್ಲಿಯೇ ಹತೋಟಿಯು ಆರಂಭವಾಗಬೇಕು. ತಡವಾದವರೂ ನಿರಾಶರಾಗಬಾರದು, ಹೊಸ ಹಾನಿಯನ್ನು ತಡೆಯುವುದು ಯಾವಾಗಲೂ ಲಾಭವೇ. ಆದರೆ ಆತುರದಿಂದ ಸಕ್ಕರೆಯನ್ನು ಅತಿಯಾಗಿ ಇಳಿಸುವುದೂ ಅಪಾಯಕರ. ಮೈ ಬೆವರುವುದು, ನಡುಕ, ತಲೆಸುತ್ತು, ಗಲಿಬಿಲಿ ಕಂಡರೆ ಸಕ್ಕರೆಯು ಮಿತಿಮೀರಿ ಇಳಿದಿರಬಹುದು. ಎಚ್ಚರವಿರುವವರಿಗೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ನಂತರ ಆಹಾರ ಕೊಟ್ಟು, ವೈದ್ಯರಿಗೆ ತಿಳಿಸತಕ್ಕದ್ದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

7. ತಾಯಿಯಾಗುವ ಮುನ್ನ ಮತ್ತು ನಂತರ

ಮಧುಮೇಹವಿರುವ ಮಹಿಳೆಯು ಗರ್ಭ ಧರಿಸುವ ಮೊದಲೇ ಸಕ್ಕರೆಯನ್ನು ಹತೋಟಿಗೆ ತರುವುದು ಅತ್ಯಗತ್ಯ. ಮಗುವಿನ ಅಂಗಗಳು ಮೊದಲ ಕೆಲವು ವಾರಗಳಲ್ಲಿಯೇ ರೂಪುಗೊಳ್ಳುತ್ತವೆ. ಆಗ ಸಕ್ಕರೆ ಹೆಚ್ಚಿದ್ದರೆ ಮಗುವಿಗೆ ಹುಟ್ಟುದೋಷಗಳುಂಟಾಗುವ ಸಂಭವವಿದೆ. ಗರ್ಭಾವಸ್ಥೆಯಲ್ಲಿ ಕಣ್ಣಿನ ನಾಳಗಳ ಹಾನಿಯು ಹೆಚ್ಚಬಹುದಾದುದರಿಂದ ಕಣ್ಣು ಮತ್ತು ಮೂತ್ರಪಿಂಡಗಳ ಪರೀಕ್ಷೆಯೂ ಮೊದಲೇ ಆಗಬೇಕು. ಕೆಲವು ಮಾತ್ರೆಗಳನ್ನು ಬದಲಾಯಿಸಬೇಕಾಗುವುದು. ಅಲ್ಲಿಯವರೆಗೆ ಗರ್ಭವನ್ನು ಮುಂದೂಡಲು ಯೋಗ್ಯವಾದ ವಿಧಾನವನ್ನು ದಂಪತಿಗಳಿಬ್ಬರೂ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

ಮೊದಲು ಮಧುಮೇಹವಿಲ್ಲದವರಲ್ಲಿಯೂ ಗರ್ಭಾವಸ್ಥೆಯಲ್ಲಿ ಅದು ಕಾಣಿಸಿಕೊಳ್ಳಬಹುದು. ಆದುದರಿಂದ ಪ್ರತಿಯೊಬ್ಬ ಗರ್ಭಿಣಿಗೂ ಮೊದಲ ಭೇಟಿಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ರಕ್ತವನ್ನು ಪರೀಕ್ಷಿಸುತ್ತಾರೆ. 140 ಅಥವಾ ಹೆಚ್ಚಿದ್ದರೆ ಚಿಕಿತ್ಸೆಯು ಅವಶ್ಯಕ. ಮೊದಲ ಬಾರಿ ಸರಿಯಾಗಿದ್ದರೂ 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ ಪರೀಕ್ಷೆಯಾಗಬೇಕು. ಹೆರಿಗೆಯಾದ ಮೇಲೆ ಸಕ್ಕರೆಯು ಇಳಿದರೂ ಅಂತಹ ತಾಯಿಗೆ ಮುಂದೆ ಮಧುಮೇಹ ಬರುವ ಸಂಭವವು ಹೆಚ್ಚು. ಆರು ವಾರಗಳ ನಂತರ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಅತ್ತೆ ಮಾವಂದಿರೂ ಪತಿಯೂ ಇದನ್ನರಿತು ನೆರವಾಗಬೇಕೇ ಹೊರತು ನಿಂದಿಸಬಾರದು.

8. ದಂಪತಿಗಳು ಮಾಡಬೇಕಾದುದು

ರೇಜ್ ಗ್ರಾಹಕವನ್ನು ಮುಚ್ಚುವ ಔಷಧಕ್ಕಾಗಿ ಸಂಶೋಧನೆಗಳು ನಡೆದಿವೆ. ಆದರೆ ಮಧುಮೇಹಿಗಳ ದೈನಂದಿನ ಚಿಕಿತ್ಸೆಗೆ ಅಂತಹ ಔಷಧವು ಇನ್ನೂ ಬಂದಿಲ್ಲ. ಸಂತೆಯಲ್ಲಿ ಯಾರಾದರೂ ಪುಡಿಯನ್ನೋ ಕಷಾಯವನ್ನೋ ತೋರಿಸಿ, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತದೆ ಎಂದರೆ ನಂಬಬೇಡಿರಿ. ಕೂಗನ್ನು ನಿಲ್ಲಿಸಲು ನಮ್ಮ ಕೈಯಲ್ಲಿರುವ ದಾರಿಯೆಂದರೆ, ಕೆಟ್ಟ ಪ್ರೋಟೀನುಗಳು ಹೊಸದಾಗಿ ಹುಟ್ಟದಂತೆ ನೋಡಿಕೊಳ್ಳುವುದು.

ಪರೀಕ್ಷೆ: 30 ವರ್ಷ ದಾಟಿದ ಪತಿ ಪತ್ನಿಯರಿಬ್ಬರೂ ಹತ್ತಿರದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿಕೊಳ್ಳಿರಿ. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಪತ್ನಿಯು ಮಾತ್ರವೇ ಹೆಸರು ಬರೆಸಿ, ಪತಿಯು ಹೊಲಕ್ಕೆ ಹೊರಟುಬಿಡುವುದು ಸರಿಯಲ್ಲ.

ಮಾತ್ರೆ: ವೈದ್ಯರು ಹೇಳದೆ ನಿಲ್ಲಿಸಬೇಡಿರಿ. ಸಕ್ಕರೆಯು ಸರಿಯಾದ ಮಟ್ಟಕ್ಕೆ ಬಂದಿದ್ದರೆ ಅದು ಮಾತ್ರೆಯ ಫಲ. ಮಾತ್ರೆ ಬೇಡವೆಂಬುದಕ್ಕೆ ಅದು ಗುರುತಲ್ಲ.

ಆಹಾರ: ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ. ರಾಗಿಯು ಒಳ್ಳೆಯದಾದರೂ ಅದರಲ್ಲಿಯೂ ಪಿಷ್ಟವಿದೆ. ಮುದ್ದೆಯ ಗಾತ್ರವು ಮಿತವಾಗಿರಲಿ. ತಟ್ಟೆಯಲ್ಲಿ ಸೊಪ್ಪು, ತರಕಾರಿ, ಬೇಳೆಕಾಳುಗಳ ಪಾಲು ಹೆಚ್ಚಲಿ. ಎಣ್ಣೆಯಲ್ಲಿ ಕರಿದ ಹಾಗೂ ಕೆಂಡದ ಮೇಲೆ ಸುಟ್ಟ ಪದಾರ್ಥಗಳಲ್ಲಿ ಸಕ್ಕರೆಯಿಂದ ಕೆಟ್ಟ ಪ್ರೋಟೀನಿನಂತಹ ವಸ್ತುಗಳು ಹೆಚ್ಚಾಗಿಯೂ, ನೀರಿನಲ್ಲಿ ಬೇಯಿಸಿದವುಗಳಲ್ಲಿ ಕಡಿಮೆಯಾಗಿಯೂ ಇರುತ್ತವೆ. ದಿನನಿತ್ಯಕ್ಕೆ ಬೇಯಿಸಿದ ಅಡಿಗೆಯೇ ಮೇಲು. ಇದಕ್ಕಾಗಿ ಮನೆಯಲ್ಲಿ ಒಬ್ಬರಿಗೆ ಬೇರೆ ಅಡಿಗೆ ಬೇಕಿಲ್ಲ. ಎಲ್ಲರಿಗೂ ಒಳ್ಳೆಯದಾದ ಊಟವೇ ಇದು.

ತಂಬಾಕು: ಬೀಡಿ ಸಿಗರೇಟುಗಳ ಹೊಗೆಯಲ್ಲಿಯೂ ಪ್ರೋಟೀನನ್ನು ಇದೇ ರೀತಿ ಕೆಡಿಸುವ ವಸ್ತುಗಳಿವೆ. ಮಧುಮೇಹಿಯು ಬೀಡಿ ಸೇದುವುದೆಂದರೆ ಉರಿಯುವ ಬಣವೆಗೆ ಎಣ್ಣೆ ಸುರಿದಂತೆ. ಹೊಗೆಸೊಪ್ಪನ್ನೂ ತ್ಯಜಿಸಬೇಕು.

ನಡಿಗೆ: ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸ್ನಾಯುಗಳು ದುಡಿದಾಗ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಕಾಲು: ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲನ್ನೂ ಬೆರಳುಸಂದಿಗಳನ್ನೂ ನೋಡಿಕೊಳ್ಳಬೇಕು. ಬಗ್ಗಲು ಆಗದವರಿಗೆ ಪತಿ ಅಥವಾ ಪತ್ನಿಯು ನೋಡಲಿ. ಹೊಲಕ್ಕೆ ಬರಿಗಾಲಿನಲ್ಲಿ ಹೋಗಬಾರದು. ಸಣ್ಣ ಗಾಯಕ್ಕೂ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.

ವಾರ್ಷಿಕ ತಪಾಸಣೆ: ಮಧುಮೇಹಿಗಳು ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟ, ಮೂತ್ರದ ಪ್ರೋಟೀನು, ರಕ್ತದ ಕೊಬ್ಬು, ಕಾಲಿನ ಸ್ಪರ್ಶಜ್ಞಾನ ಇವುಗಳನ್ನು ಪರೀಕ್ಷಿಸಿಕೊಳ್ಳಬೇಕು.

ನೆನಪಿಡಬೇಕಾದ ಅಂಶಗಳು

1. ರಕ್ತದಲ್ಲಿ ಹೆಚ್ಚಿದ ಸಕ್ಕರೆಯು ಪ್ರೋಟೀನುಗಳಿಗೆ ಅಂಟಿ ಅವನ್ನು ಶಾಶ್ವತವಾಗಿ ಕೆಡಿಸುತ್ತದೆ.

2. ರಕ್ತನಾಳದ ಜೀವಕೋಶಗಳ ಮೇಲಿರುವ ರೇಜ್ ಎಂಬ ಗ್ರಾಹಕವು ಈ ಕೆಟ್ಟ ಪ್ರೋಟೀನುಗಳನ್ನು ಹಿಡಿದು ಅಪಾಯದ ಕೂಗನ್ನೆಬ್ಬಿಸುತ್ತದೆ. ನಿಲ್ಲದ ಕೂಗಿನಿಂದ ರಕ್ತನಾಳದ ಗೋಡೆಯೇ ಹಾಳಾಗುತ್ತದೆ.

3. ಕೂಗು ಹೆಚ್ಚಿದಷ್ಟೂ ಗ್ರಾಹಕಗಳೂ ಹೆಚ್ಚುತ್ತವೆ. ಆದುದರಿಂದ ತಡಮಾಡಿದಷ್ಟೂ ನಷ್ಟ.

4. ಈ ಹಾನಿಯು ವರ್ಷಗಟ್ಟಲೆ ನೋವಿಲ್ಲದೆ ನಡೆಯುತ್ತದೆ. ನೋವಿಗೆ ಕಾಯದೆ ಪರೀಕ್ಷೆ ಮಾಡಿಸಿರಿ.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ದೋಸೆಯು ಕಂದಾಗುವುದಕ್ಕೂ ಮಧುಮೇಹಕ್ಕೂ ಇರುವ ಸಂಬಂಧವೇನು?

2. ಒಳ್ಳೆಯದಕ್ಕಾಗಿ ಇರುವ ಕಾವಲು ಹಾನಿಗೆ ಕಾರಣವಾಗುವುದು ಹೇಗೆ?

3. ಆ ರೈತನ ಬೆರಳನ್ನು ಉಳಿಸಲು ಆತನೂ ಆತನ ಪತ್ನಿಯೂ ಎಂಟು ವರ್ಷಗಳಲ್ಲಿ ಏನೇನು ಮಾಡಬಹುದಾಗಿತ್ತು?

4. ನಿಮ್ಮಿಬ್ಬರ ರಕ್ತದ ಸಕ್ಕರೆಯನ್ನು ಕೊನೆಯ ಬಾರಿ ಪರೀಕ್ಷಿಸಿದುದು ಯಾವಾಗ?

ನಾಲ್ಕನೆಯ ಪ್ರಶ್ನೆಗೆ ಇಬ್ಬರಲ್ಲಿ ಒಬ್ಬರಾದರೂ ಉತ್ತರಿಸಲು ತಡವರಿಸಿದರೆ, ಈ ವಾರದಲ್ಲಿಯೇ ಒಂದು ಬೆಳಿಗ್ಗೆ ಇಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.